ದುಂಡಮ್ಮನ ತೊಟ್ಟಿಗೆ ರಾಚ ಸ್ವಿಚ್ಚು ಕೂರಿಸಿದ್ದು

ದುಂಡಮ್ಮ ಅಂತ ಒಬ್ಬಳಿದ್ದಳು. ಇಡ್ಲಿ ಹೋಟ್ಲು ನಡೆಸೋಳು. ಅವಳಿಗೆ ಒಬ್ಬನೇ ಮಗ, ರಾಚ. ವಯಸ್ಸು ಮೂವತ್ತು ತುಂಬಿತ್ತು, ತಲೆ ಮಾತ್ರ ತುಂಬಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವಳ ಗೋಳು.

ಹೋಟ್ಲಿನ ತಾರಸಿ ಮೇಲೆ ನೀರಿನ ತೊಟ್ಟಿ. ಮೋಟ್ರು ಹಾಕಬೇಕು, ತುಂಬಿತಾ ಅಂತ ಏಣಿ ಹತ್ತಬೇಕು, ಇಳಿದು ಬಂದು ಆರಿಸಬೇಕು. ಮಂಡಿ ಸವೆದುಹೋಯ್ತು. ಪಕ್ಕದಲ್ಲಿ ರೇಡಿಯೋ ರಿಪೇರಿ ಮಾಡೋ ಗೌಸ್ ಸಾಬರ ಮುಂದೆ ಹೋಗಿ ಕೂತಳು.

"ಇನ್ನು ಹತ್ತಕ್ಕಾಗಲ್ಲ ಸಾಬ್ರೇ."

"ಟ್ರಾನ್ಸಿಸ್ಟರಲ್ಲಿ ಒಂದು ಸ್ವಿಚ್ಚು ಕಟ್ಟಿಕೊಡ್ತೀನಮ್ಮ. ಸುಮ್ನಿದ್ರೆ ಮೋಟ್ರು ಓಡ್ತಾ ಇರ್ತದೆ. ನೀರು ತುಂಬಿ ತಂತಿ ಮುಟ್ಟಿದ್ರೆ ತಾನೇ ನಿಲ್ತದೆ. ರಾಚನ್ನ ಕಳಿಸು, ಕೈಗಾಗ್ತಾನೆ."

ಮೊದಲ ದಿನ ಸಾಬ್ರು ಅಂಗಡಿಯಿಂದ ಎರಡು ಟ್ರಾನ್ಸಿಸ್ಟರ್ ತಾ ಅಂದ್ರು, ಮೂರು ತಂತಿ ಕಾಲಿರೋ ಕಡಲೆಕಾಳಷ್ಟು ಸಾಮಾನು. ರಾಚ ಮುಷ್ಟೀಲಿ ಹಿಸುಕಿ ತಂದ. ಕಾಲೆಲ್ಲ ಮುರಿದಿತ್ತು!

"ಅಯ್ಯೋ ಪೆದ್ದೇ! ಹತ್ತೀಲಿ ಸುತ್ತಿ ಕೊಡಬೇಕಲ್ವೇನೋ!" ಅಂದಳು ಅವ್ವ.

"ಹಂಗೇ ಮಾಡ್ತೀನಿ ಕಣವ್ವ."

ಮಾರನೇ ದಿನ ಸಾಬ್ರು ಕಾದ ಬೆಸುಗೆ ಕಡ್ಡಿ ಕೇಳಿದ್ರು. ರಾಚ ಹತ್ತೀಲಿ ಸುತ್ತಿ ಕೊಟ್ಟ. ಭಗ್ ಅಂತು! ಸಾಬರ ಗಡ್ಡ ಅರ್ಧ ಹೋಯ್ತು.

"ಬಿಸಿ ಇದ್ರೆ ನೀರಲ್ಲಿ ಅದ್ದಬೇಕಲ್ವೇನೋ!"

"ಹಂಗೇ ಮಾಡ್ತೀನಿ ಕಣವ್ವ."

ಮೂರನೇ ದಿನ ಸ್ವಿಚ್ಚು ಕಟ್ಟಿ ಮುಗೀತು. ರಾಚ ಮುಟ್ಟಿ ನೋಡಿದ. ಬೆಚ್ಚಗಿತ್ತು. ಹಂಗೇ ಎತ್ತಿ ಬಕೀಟಿಗೆ ಅದ್ದಿಬಿಟ್ಟ!

ಸಾಬ್ರು ಬಯ್ಯಲಿಲ್ಲ. ಬಯ್ದೂ ಬಯ್ದೂ ಸಾಕಾಗಿತ್ತು. ಇನ್ನೊಂದು ಕಟ್ಟುತ್ತಾ ನಿಧಾನಕ್ಕೆ ಹೇಳಿದ್ರು. "ನೋಡು ರಾಚ, ಈ ಎರಡು ಟ್ರಾನ್ಸಿಸ್ಟರೂ ಅಣ್ಣ ತಮ್ಮ. ಅಣ್ಣ ಮಲಗಿರೋ ತನಕ ತಮ್ಮ ದುಡೀತಾನೆ, ಮೋಟ್ರು ಓಡ್ತದೆ. ನೀರು ಮುಟ್ಟಿದ್ರೆ ಅಣ್ಣ ಎದ್ದು ತಮ್ಮನ ಕೂಳು ಕಿತ್ಕೋತಾನೆ. ತಮ್ಮ ನಿಂತ್ಬಿಡ್ತಾನೆ."

"ಸಾಬ್ರು ಹೇಳಿದ್ದನ್ನ ಮನಸ್ಸಲ್ಲಿಟ್ಕೊಳ್ಳೋ," ಅಂದಳು ಅವ್ವ.

ಇಟ್ಕೊಂಡ. ಬೆಳಗಾಯ್ತು, ಗಿರಾಕಿ ಬಂದ್ರು, ರಾಚ ಏಳಲಿಲ್ಲ.

"ಏಳೋ!"

"ಬೇಡ ಕಣವ್ವ. ನಾ ಮಲಗಿದ್ರೆ ನೀ ದುಡೀತೀಯ. ನಾ ಎದ್ರೆ ನೀ ನಿಂತ್ಬಿಡ್ತೀಯ!"

ದುಂಡಮ್ಮ ಹಿಟ್ಟಿನ ಕೈಯಲ್ಲೇ ಹೊಸಲಿನ ಮೇಲೆ ಕೂತಳು.

"ನಿಂತ್ರೆ ಸಾಕಾಗಿತ್ತಲ್ಲೋ ಮಗನೇ..." ಕೈಗಂಟಿದ ಹಿಟ್ಟನ್ನ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಂದಳು, "ಅರ್ಥ ಗಿರ್ಥ ಹುಡುಕಬೇಡ. ಹೇಳಿದಷ್ಟು ಮಾಡು."

"ಹಂಗೇ ಮಾಡ್ತೀನಿ ಕಣವ್ವ."

ಶುಕ್ರವಾರ ಸಾಬ್ರು ಬಂದು ಸ್ವಿಚ್ಚನ್ನ ಗೋಡೆಗೆ ಬಿಗಿದ್ರು, ತಾರಸಿಗೆ ತಂತಿ ಎಳೆದ್ರು. ಅಷ್ಟರಲ್ಲಿ ಆಜಾನ್ ಕೂಗ್ತು.

"ನಾ ನಮಾಜಿಗೆ ಹೋಗಿ ಬರ್ತೀನಿ. ರಾಚ, ಮೇಲೆ ಹೋಗಿ ಈ ಎರಡು ತುದೀನ ಬಾಯೊಳಗೆ ಇಳಿಬಿಡು, ಅಷ್ಟೇ."

ರಾಚ ಏಣಿ ಹತ್ತಿ ಹೋದ ಮೇಲೆ ದುಂಡಮ್ಮ ಮೋಟ್ರು ಹಾಕಿದಳು. ಸದ್ದಿಲ್ಲ.

"ಏನೋ ಆಯ್ತು?"

ಉತ್ತರ ಇಲ್ಲ.

"ಬಾಯಿ ಬಿಡೋ!"

ಗುರ್ರ್ ಅಂತ ಮೋಟ್ರು ಓಡ್ತು! "ಏನಿಲ್ಲ ಕಣವ್ವ!" ಅಂದ. ಮತ್ತೆ ಗಪ್. ಏಣಿಯ ಬುಡದಿಂದ ತಲೆಯೆತ್ತಿ ನೋಡ್ತಾಳೆ, ಎರಡು ತಂತೀನೂ ತೊಟ್ಟಿ ಬಾಯಿಗೆ ಬಿಡೋದು ಬಿಟ್ಟು ತನ್ನ ಬಾಯೊಳಗೇ ಇಟ್ಕೊಂಡು ಕೂತವ್ನೆ! ಬಾಯಿ ಮುಚ್ಚಿದಾಗೆಲ್ಲ ತಂತಿಗೆ ಎಂಜಲು ತಾಗಿ ಮೋಟ್ರು ನಿಲ್ತಿತ್ತು.

ಬಯ್ಯೋಣ ಅಂದ್ರೆ ಉಸಿರಿರಲಿಲ್ಲ. ಹತ್ತೋಣ ಅಂದ್ರೆ ಮಂಡಿ ಇರಲಿಲ್ಲ. ಇನ್ನೊಂದು ಹೇಳಿದ್ರೆ ಇನ್ನೊಂದಾಗ್ತದೆ. ಸಾಬ್ರು ಬರೋ ತನಕ ಹೆಂಗೋ ನೀರು ಬರಲಿ ಅಂದ್ಕೊಂಡಳು.

"ತಂತಿ ಕೈಲಿ ಹಿಡ್ಕೋ. ಬಾಯಿ ತೆಕ್ಕೊಂಡೇ ಇರು. ನಾ ಹೇಳೋ ತನಕ ಮುಚ್ಚಬೇಡ."

ಏಣಿ ಮೆಟ್ಟಿಲ ಮೇಲೆ ಕೂತಳು. ಮೋಟ್ರು ಓಡ್ತಾ ಇತ್ತು. ಎಷ್ಟೋ ದಿನದ ಮೇಲೆ ಅವಳಿಗೆ ಜೊಂಪು ಹತ್ತಿತು.

ಮೇಲೆ ತೊಟ್ಟಿ ತುಂಬಿತು. ರಾಚ ನೋಡಿದ. ಅವ್ವಾ ಅನ್ನೋಣ ಅಂದ್ರೆ ಬಾಯಿ ಮುಚ್ಚಂಗಿಲ್ಲ. "ಆ... ಆ..." ಅಂದ. ನೀರು ತಾರಸಿ ತುಂಬಿ, ಏಣಿ ಇಳಿದು, ದುಂಡಮ್ಮನ ನೆತ್ತಿ ಮೇಲೆ ಧೊಪ್ ಅಂತು!

ಅವಳು ಎದ್ದೇಳಲೂ ಇಲ್ಲ. ನೆನೀತಾ ಕೂತು ಅಂದಳು, "ಮುಚ್ಚೋ ಮಗನೇ, ಬಾಯಿ ಮುಚ್ಚೋ."

ರಾಚ ಗಪ್ಪಂತ ಮುಚ್ಚಿದ. ಮೋಟ್ರು ಓಡ್ತಾನೇ ಇತ್ತು. ಓಡದೇ ಏನು! ತಂತಿ ಕೈಲೇ ಇತ್ತು, ಬಾಯಿಗೆ ಹಾಕ್ಕೋ ಅಂತ ಅವ್ವ ಹೇಳಿರಲಿಲ್ಲವಲ್ಲ.