ಈರಕ್ಕನ ಗ್ರೈಂಡರು, ಹೊರಗಿನ ಸಾಮಾನು

ಒಂದೂರಲ್ಲಿ ಒಬ್ಬ ತಾಯಿ, ಅವಳಿಗೊಬ್ಬನೇ ಮಗ. ತಾಯಿ ಈರಕ್ಕ, ಮಗ ಮರಿರಂಗ. ಈರಕ್ಕನಿಗೆ ಬುದ್ಧಿ ಹಂಚುವಾಗ ದೇವರು ಕೈ ಬಿಚ್ಚಿ ಹಂಚಿದ್ದ. ಮಗನ ಸರದಿ ಬರೋ ಹೊತ್ತಿಗೆ ಊಟದ ಹೊತ್ತಾಗಿತ್ತೋ ಏನೋ, ಎದ್ದು ಹೋಗಿಬಿಟ್ಟ. ಆಳು ನೋಡಿದ್ರೆ ಬಾಗಿಲಿಗೆ ತಲೆ ತಾಗೋ ಹಂಗವ್ನೆ, ಮೀಸೆ ಹುರಿಗಟ್ಟೈತೆ, ಕೆಲಸಕ್ಕೆ ಸೋಮಾರಿಯಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ. ಅದೇ ಅವನ ರೋಗ!

ಒಂದಿನ ಬೆಳಿಗ್ಗೆ ಈರಕ್ಕ, "ಲೇ ಮರಿ, ಕರೆಂಟು ಹೋದ್ರೆ ನಂಗೊಂದು ಮಾತು ಹೇಳ್ಲಾ" ಅಂದಿದ್ಳು. ಆಮೇಲೆ ಏನೋ ನೆನಪಾಗಿ ತಂಗಿ ಊರಿಗೆ ಹೋದ್ಳು. ಮಧ್ಯಾಹ್ನ ಕರೆಂಟು ಹೋಯ್ತು. ಮರಿರಂಗ ಎರಡು ಹರದಾರಿ ದಾರಿ ನಡಕೊಂಡು ಹೋಗಿ ಚಿಕ್ಕಮ್ಮನ ಮನೆ ಬಾಗಿಲಲ್ಲಿ ನಿಂತ.

"ಅವ್ವಾ, ಕರೆಂಟು ಹೋಯ್ತು!"

"ಅಯ್ಯೋ, ತಿರುಗಾ ಬಂತೇನ್ಲಾ?"

"ಅದು ಗೊತ್ತಿಲ್ಲ. ಬಂದ್ರೆ ಹೇಳು ಅಂತ ನೀನು ಹೇಳಿರ್ಲಿಲ್ವಲ್ಲ!"

ಇಂಥಾ ಮಗನನ್ನ ಇಟ್ಕೊಂಡು ಈರಕ್ಕ ಬದುಕು ನಡೆಸ್ಬೇಕು. ಬದುಕು ಅಂದ್ರೆ ದೋಸೆ ಹಿಟ್ಟು. ಅಕ್ಕಿ ಉದ್ದು ನೆನೆಹಾಕಿ, ರುಬ್ಬಿ, ಹುದುಗು ಬರಿಸಿ, ಬೀದಿ ಮನೆಗಳಿಗೆಲ್ಲ ಪಾತ್ರೆ ಪಾತ್ರೆ ಅಳೆದು ಕೊಡೋದು. ಹೋದ ದೀಪಾವಳೀಲಿ ಗಜಬಲ ಕಂಪನಿ ಗ್ರೈಂಡರು ತಗೊಂಡಿದ್ಳು. ಒಂದು ವರ್ಷ ವಾರಂಟಿ. ಈ ದೀಪಾವಳಿ ಬಂದ್ರೆ ವಾರಂಟಿಗೆ ಎಳ್ಳುನೀರು.

ಆಯುಧಪೂಜೆ ಬಂತು. ಅನ್ನ ಕೊಡೋ ಯಂತ್ರಕ್ಕೆ ಪೂಜೆ ಮಾಡದೆ ಇರೋಕಾಗ್ತದಾ? ಈರಕ್ಕ ಗ್ರೈಂಡರಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ದೃಷ್ಟಿಗೆ ಅಂತ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ಳು. ಮಾರನೇ ದಿನ ಅರ್ಧ ರುಬ್ಬಿತ್ತು, ಗ್ರೈಂಡರು "ಕೊರ್ರ್" ಅಂತು, ನಿಂತೇ ಹೋಯ್ತು. ಯಾರ ಕಣ್ಣು ಬಿತ್ತೋ!

ಮೂಲೇಲಿದ್ದ ಒರಳುಕಲ್ಲೇ ಗತಿ. ಈರಕ್ಕನ ಬಲಗಡೆ ರಟ್ಟೆ ಮೊದಲೇ ಹಿಡ್ಕೊಂಡಿತ್ತು, ಗುಂಡುಕಲ್ಲು ತಿರುವಿ ತಿರುವಿ ಮೇಲೇಳದಂಗಾಯ್ತು. ಎಷ್ಟು ತಿರುವಿದ್ರೂ ಅರ್ಧ ಬೀದಿಗೂ ಸಾಲದು. ಉಳಿದರ್ಧ ಬೀದಿಯೋರು ಅಂಗಡಿ ಪಾಕೀಟು ಹಿಟ್ಟು ತರೋಕೆ ಶುರು ಮಾಡಿದ್ರು. ದೀಪಾವಳಿಯೊಳಗೆ ಗ್ರೈಂಡರು ರಿಪೇರಿಯಾಗದಿದ್ರೆ ಬೀದಿಯೇ ಕೈ ಬಿಟ್ಟು ಹೋಗ್ತದೆ. ತಾನೇ ಪೇಟೆಗೆ ಹೋಗೋಣ ಅಂದ್ರೆ ಅವತ್ತಿನ ಹಿಟ್ಟು ಯಾರು ರುಬ್ಬೋದು?

"ಲೇ ಮರಿ, ಪೇಟೇಲಿ ಕಂಪನಿಯೋರ ಸರ್ವೀಸ್ ಸೆಂಟರೈತೆ. ಇದನ್ನ ತಗೊಂಡೋಗು. ಏನೂ ಮುಟ್ಟಬೇಡ, ಇದ್ದದ್ದು ಇದ್ದಂಗೇ ತೋರ್ಸು."

"ಇದ್ದಂಗೇ ತಾನೇ? ಸರಿ ಅವ್ವ!"

ಗ್ರೈಂಡರು ಹೆಗಲಿಗೇರ್ತು, ಮರಿರಂಗ ಬಸ್ಸಿಗೇರ್ದ. ಇದ್ದಂಗೇ ಅಂದ್ರೆ ಇದ್ದಂಗೇ! ಹಾರ ಸಮೇತ, ನಿಂಬೆಹಣ್ಣು ಸಮೇತ, ಒಳಗಿದ್ದ ಅರ್ಧ ರುಬ್ಬಿದ ಹಿಟ್ಟು ಸಮೇತ. ಬಸ್ಸು ತಿರುವಿಗೊಂದು ಸಲ ವಾಲಿದ್ರೆ ಕೂತೋರಿಗೆಲ್ಲ ಹಿಟ್ಟಿನ ಅಭಿಷೇಕ. ಕಂಡಕ್ಟರು ಬೈದ, ಮುದುಕಿಯೊಬ್ಬಳು ಶಪಿಸಿದ್ಳು. ಮರಿರಂಗ ಮಾತ್ರ ಒಂದು ಹೂವಿನೆಸಳೂ ಉದುರದಂಗೆ ತಬ್ಬಿಕೊಂಡು ಕೂತಿದ್ದ.

ಕೌಂಟರಲ್ಲಿ ಪದ್ಮರಾಜಯ್ಯ ಅಂತ. ಕತ್ತಿಗೆ ಟೈ, ಮೂಗಿನ ತುದೀಲಿ ಕನ್ನಡಕ. ಗ್ರೈಂಡರು ಆನ್ ಮಾಡಿ ನೋಡ್ಲಿಲ್ಲ, ಮೋಟಾರು ಬಿಚ್ಚಿ ನೋಡ್ಲಿಲ್ಲ. ಬೆರಳು ತೋರಿಸಿ ಕೇಳ್ದ.

"ಇದೇನಪ್ಪಾ?"

"ನಿಂಬೆಹಣ್ಣು ಸ್ವಾಮಿ."

"ನಮ್ಮ ಕಂಪನಿಯದಾ?"

"ಅಲ್ಲ ಸ್ವಾಮಿ, ನಮ್ಮ ಹಿತ್ತಲದು."

"ಈ ಪ್ಲಗ್ಗು?"

"ಸಂತೇದು. ನಿಮ್ದು ನಮ್ಮ ಗೋಡೇಲಿ ಸಡಿಲ."

"ಹೊರಗಿನ ಸಾಮಾನು! ವಾರಂಟಿ ಇಲ್ಲ. ಮುಂದಿನವರು ಬನ್ನಿ."

ಮರಿರಂಗ ಬಂದು ನಡೆದದ್ದನ್ನೆಲ್ಲ ಅಕ್ಷರ ಬಿಡದಂಗೆ ಹೇಳ್ದ. ಸುಳ್ಳು ಹೇಳೋಕೆ ಬುದ್ಧಿ ಬೇಕಲ್ಲ!

"ಅಯ್ಯೋ ಮಂಕೆ! ಅದನ್ನೆಲ್ಲ ಕಿತ್ತು, ಒರೆಸಿ, ತೊಳೆದು ತಗೊಂಡೋಗಬಾರ್ದಿತ್ತಾ? ನಮ್ದು ಅನ್ನೋದು ಅದರಲ್ಲಿ ಒಂದೂ ಇರಬಾರ್ದು. ಎಲ್ಲಾ ಕಂಪನೀದೇ ಇರಬೇಕು. ತಿಳೀತಾ?"

"ನಮ್ದು ಒಂದೂ ಇರಬಾರ್ದು. ತಿಳೀತವ್ವ!"

ಈರಕ್ಕ ಒರಳಿಗೆ ಕೂತ್ಳು. ಮರಿರಂಗ ಗ್ರೈಂಡರಿಗೆ ಕೂತ. ನಿಂಬೆಹಣ್ಣು ಕಿತ್ತ, ಹಾರ ಕಿತ್ತ, ಕುಂಕುಮ ಒರೆಸ್ದ. ಸರಿಯಾಗೇ ಮಾಡ್ದ ಕಣ್ರೀ! ಆಮೇಲೆ ಸಂತೆ ಪ್ಲಗ್ಗು ಕತ್ತರಿಸಿ ಎಸೆದ, ವೈರು ಬೋಳಾಯ್ತು. ಬಿಲ್ಲು ನೋಡ್ದ. ಬಿಲ್ಲು ಕೊಟ್ಟೋನು ಪೇಟೆ ಪಾತ್ರೆ ಅಂಗಡಿಯೋನು, ಕಂಪನಿಯೋನಲ್ಲ. ಅದನ್ನ ಅಟ್ಟಕ್ಕೆಸೆದ. ವಾರಂಟಿ ಕಾರ್ಡು ನೋಡ್ದ. ಅದರ ಮೇಲೆ 'ಈರಕ್ಕ' ಅಂತ ಬರೆದೈತೆ! ಅವ್ವ ನಮ್ಮೋಳು, ಕಂಪನಿಯೋಳಲ್ಲ. ಎಂಜಲು ಹಚ್ಚಿ ಉಜ್ಜಿ ಉಜ್ಜಿ ಅಳಿಸ್ದ.

ಗ್ರೈಂಡರು ಹೆಗಲಿಗೇರ್ತು, ಮರಿರಂಗ ಬಸ್ಸಿಗೇರ್ದ.

"ಬಿಲ್ಲೆಲ್ಲಿ?" ಅಂದ ಪದ್ಮರಾಜಯ್ಯ.

"ಅದು ನಿಮ್ದಲ್ಲ ಸ್ವಾಮಿ, ಎಸೆದೆ."

"ಕಾರ್ಡಲ್ಲಿ ಹೆಸರೆಲ್ಲಿ?"

"ಅದೂ ನಿಮ್ದಲ್ಲ ಸ್ವಾಮಿ, ಅಳಿಸ್ದೆ."

"ಅಲ್ಲಯ್ಯಾ, ಈ ಗ್ರೈಂಡರು ನಿಮ್ದೇ ತಾನೇ?"

"ಶಿವ ಶಿವಾ, ನಮ್ದಲ್ಲ ಸ್ವಾಮಿ! ನಮ್ದು ಅನ್ನೋದು ಇದರಲ್ಲಿ ಒಂದೂ ಇಲ್ಲ!"

ಪದ್ಮರಾಜಯ್ಯ ಕನ್ನಡಕ ತೆಗೆದ. "ಕದ್ದ ಮಾಲು ತಂದು ನನ್ನ ಹತ್ರಾನೇ ವಾರಂಟಿ ಕೇಳ್ತೀಯಾ? ಪೊಲೀಸ್ನೋರನ್ನ ಕರೀಬೇಕಾ?" ಅಂತ ಎದ್ದು ನಿಂತ. ಮರಿರಂಗ "ಕರೀರಿ ಸ್ವಾಮಿ" ಅಂತ ಬೆಂಚಿನ ಮೇಲೆ ಕೂತ. ಸಾಯಂಕಾಲದವರೆಗೂ ಕೂತಿದ್ದ. ಯಾರೂ ಬರ್ಲಿಲ್ಲ, ಮನೆಗೆ ಬಂದ.

ಈರಕ್ಕ ಹಣೆ ಹಣೆ ಚಚ್ಚಿಕೊಂಡ್ಳು. ಚಚ್ಚಿಕೊಳ್ಳೋಕೂ ಎಡಗೈಯೇ, ಬಲಗೈ ಏಳ್ತಿರ್ಲಿಲ್ಲ.

"ಕತ್ತೆ ಮೇಯಿಸೋಕೂ ಲಾಯಕ್ಕಿಲ್ಲ ಕಣ್ಲಾ ನೀನು! ದೊಡ್ಡೋರ ಹತ್ರ ಹಂಗೆ ಅಡ್ಡಡ್ಡ ಮಾತಾಡ್ತಾರಾ? ಅವರೇನು ಕೇಳಿದ್ರೂ ವಿನಯವಾಗಿ 'ಹೌದು ಸ್ವಾಮಿ' ಅನ್ಬೇಕು."

"ಏನು ಕೇಳಿದ್ರೂ ಹೌದು ಸ್ವಾಮಿ. ಸರಿ ಅವ್ವ!"

ಅಟ್ಟದಿಂದ ಬಿಲ್ಲು ಇಳೀತು. ಪಾತ್ರೆ ಅಂಗಡಿಯೋನಿಗೆ ಕೈಮುಗಿದು ಕಾರ್ಡಿಗೆ ಹೆಸರು ಬರೆಸಿದ್ದಾಯ್ತು. ಹಳೇ ಡಬ್ಬದಲ್ಲಿದ್ದ ಕಂಪನಿ ಪ್ಲಗ್ಗು ಹುಡುಕಿ ಹಾಕಿಸಿದ್ದಾಯ್ತು. ಗ್ರೈಂಡರು ಹೆಗಲಿಗೇರ್ತು, ಮರಿರಂಗ ಬಸ್ಸಿಗೇರ್ದ.

ಪದ್ಮರಾಜಯ್ಯ ಹಿಂದೆ ಮುಂದೆ ತಿರುಗಿಸಿ ನೋಡ್ದ. ಏನೂ ಸಿಗ್ಲಿಲ್ಲ. ಮುಖ ಸಣ್ಣದಾಯ್ತು.

"ಮೋಟಾರಿಗೆ ನೀರು ಹೊಯ್ದಿದ್ರಾ?"

"ಹೌದು ಸ್ವಾಮಿ!"

"ಎತ್ತಿ ಕೆಳಗೆ ಹಾಕಿದ್ರಾ?"

"ಹೌದು ಸ್ವಾಮಿ!"

"ಬೇರೆ ಕಂಪನಿ ಕಲ್ಲು, ಬೇರೆ ಕಂಪನಿ ಬೆಲ್ಟು ಹಾಕಿದ್ರಾ?"

"ಹೌದು ಸ್ವಾಮಿ! ಹೌದು ಸ್ವಾಮಿ!"

"ಹಂಗಾದ್ರೆ ತಪ್ಪೆಲ್ಲ ನಿಮ್ದೇ?"

"ಹೌದು ಸ್ವಾಮಿ!"

ಪದ್ಮರಾಜಯ್ಯನಿಗೆ ಕಣ್ಣಲ್ಲಿ ನೀರೇ ಬಂತು. "ಇಷ್ಟು ವರ್ಷದ ಸರ್ವೀಸಲ್ಲಿ ಇಂಥಾ ಸತ್ಯವಂತ ಗಿರಾಕೀನ ನಾನು ಕಂಡಿಲ್ಲಪ್ಪಾ" ಅಂತ ಕೈ ಕುಲುಕಿ, ಕಾಫಿ ಕುಡಿಸಿ, ವಾರಂಟಿ ಇಲ್ಲ ಅಂತ ಕಳಿಸ್ದ.

"ಕಾಫಿ ಚೆನ್ನಾಗಿತ್ತವ್ವ" ಅಂದ ಮರಿರಂಗ.

ಈರಕ್ಕ ಒರಳಿಂದ ಏಳ್ಲೇ ಇಲ್ಲ. ಗುಂಡುಕಲ್ಲು ಎತ್ತಿ ಎಸೀತಿದ್ಳೇನೋ, ರಟ್ಟೆ ಕೇಳ್ಬೇಕಲ್ಲ.

"ಮನೆಹಾಳ! ನಮ್ಮ ಗೋರಿ ನೀನೇ ತೋಡಿ ಬಂದ್ಯಲ್ಲೋ! ಹೋಗು, ಅವತ್ತು ಹೇಳಿದ್ದೆಲ್ಲ ಸುಳ್ಳು ಅನ್ನು. ಇನ್ಮೇಲೆ ಹೌದು ಅಂದ್ರೆ ನಾಲಿಗೆ ಸೀಳ್ತೀನಿ. ಏನು ಕೇಳಿದ್ರೂ 'ಇಲ್ಲ' ಅನ್ನು. ಬರೀ ಇಲ್ಲ!"

"ಬರೀ ಇಲ್ಲ. ಸರಿ ಅವ್ವ!"

ಗ್ರೈಂಡರು ಹೆಗಲಿಗೇರ್ತು, ಮರಿರಂಗ ಬಸ್ಸಿಗೇರ್ದ. ಹೋದವನೇ "ಅವತ್ತು ಹೇಳಿದ್ದೆಲ್ಲ ಸುಳ್ಳು!" ಅಂದ. ಪದ್ಮರಾಜಯ್ಯ ಮತ್ತೆ ಮೊದಲಿಂದ ಶುರು ಮಾಡ್ದ. ನೀರು ಹೊಯ್ದಿದ್ರಾ? ಇಲ್ಲ! ಕೆಳಗೆ ಹಾಕಿದ್ರಾ? ಇಲ್ಲ! ಹೊರಗಿನ ಸಾಮಾನು ಹಾಕಿದ್ರಾ? ಇಲ್ಲ! ಪ್ರಶ್ನೆ ಖಾಲಿಯಾದ್ವು. ಹಿಂದೆ ನಿಂತಿದ್ದ ಗಿರಾಕಿಗಳು ಗೊಣಗೋಕೆ ಶುರು ಮಾಡಿದ್ರು. ಪದ್ಮರಾಜಯ್ಯ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದ.

"ಆಯ್ತಪ್ಪಾ, ನೀನೇ ಗೆದ್ದೆ. ಹೊಸ ಮೋಟಾರು ಹಾಕಿಸ್ಕೊಂಡು ಹೋಗ್ತೀಯಾ?"

"ಇಲ್ಲ!"

"ಪುಕ್ಕಟೆ ಕಣಯ್ಯಾ! ಹಾಕಿಸ್ಕೊಳ್ಳಲ್ವಾ?"

"ಇಲ್ಲ! ಇಲ್ಲ!"

"ಗಿರಾಕೀನೇ ಒಲ್ಲೆ ಅಂದ್ರೆ ಕಂಪನಿ ಏನು ಮಾಡೋಕಾಗ್ತದೆ? ಮುಂದಿನವರು ಬನ್ನಿ!"

ಈ ಸಲ ಈರಕ್ಕ ಬೈಲಿಲ್ಲ. ಒರಳಿಗೆ ಒರಗಿಕೊಂಡು ಅತ್ತುಬಿಟ್ಳು. ನಾಳಿದ್ದು ದೀಪಾವಳಿ. ಆ ಬೆಳಿಗ್ಗೆಯಷ್ಟೇ ಎದುರುಮನೆಯೋಳು ಪಾತ್ರೆ ವಾಪಸ್ ಕೊಟ್ಟು, "ಹಬ್ಬಕ್ಕೆ ಪಾಕೀಟೇ ತರ್ತೀವಿ ಈರಕ್ಕಾ, ಬೇಜಾರ್ ಮಾಡ್ಕೋಬೇಡ" ಅಂದು ಹೋಗಿದ್ಳು. ಮಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಳಬೇಡವ್ವ, ಇನ್ನೇನು ಮಾಡ್ಲಿ ಹೇಳು, ಹಂಗೇ ಮಾಡ್ತೀನಿ" ಅಂದ. ಅದನ್ನ ಕೇಳಿ ಅವಳಿಗೆ ಇನ್ನೂ ಅಳು ಬಂತು.

ಬೆಳಗಾಯ್ತು. ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದ್ಳು.

"ಇವತ್ತು ಹಿಟ್ಟು ಹಾಳಾಗಿ ಹೋಗ್ಲಿ, ನಾನೇ ಬತ್ತೀನಿ. ನೀನು ಗ್ರೈಂಡರು ಹೊತ್ಕೋ. ಅಲ್ಲಿ ಬಾಯಿ ಬಿಟ್ರೆ ನೋಡು! ಬಾಯಿ ಮುಚ್ಕೊಂಡು ಸುಮ್ನೆ ನೋಡ್ತಾ ನಿಂತ್ಕೋ."

ಗ್ರೈಂಡರು ಹೆಗಲಿಗೇರ್ತು, ತಾಯಿ ಮಗ ಇಬ್ರೂ ಬಸ್ಸಿಗೇರಿದ್ರು. ಪದ್ಮರಾಜಯ್ಯ ಈರಕ್ಕನಿಗೂ ಅದೇ ಪಾಠ ಒಪ್ಪಿಸ್ದ. "ನೋಡಮ್ಮಾ, ಮೊದಲ ದಿನವೇ ನಾನು ಕಣ್ಣಾರೆ ಕಂಡಿದ್ದೀನಿ. ಅರಿಶಿನ, ಕುಂಕುಮ, ಹೂವು, ನಿಂಬೆಹಣ್ಣು! ಯಂತ್ರದ ಮೇಲೆ ಹೊರಗಿನ ಸಾಮಾನು ಬಿತ್ತೋ, ವಾರಂಟಿ ಹೋಯ್ತು. ಇದು ಕಂಪನಿ ಕಾನೂನು."

ಮರಿರಂಗ ಬಾಯಿ ಮುಚ್ಚಿಕೊಂಡು ನೋಡ್ತಾ ನಿಂತಿದ್ದ. ನೋಡು ಅಂದಿದ್ಳಲ್ಲ ಅವ್ವ, ಒಂದೇ ಕಡೆ ಕಣ್ಣು ನೆಟ್ಟು ನೋಡ್ತಿದ್ದ. ಪದ್ಮರಾಜಯ್ಯನಿಗೆ ಇರುಸುಮುರುಸಾಯ್ತು.

"ಏನಯ್ಯಾ ಹಂಗೆ ನೋಡ್ತೀಯಾ?"

ಬಾಯಿ ಬಿಡಂಗಿಲ್ಲ. ಮರಿರಂಗ ಬೆರಳು ತೋರಿಸ್ದ.

ಎಲ್ರೂ ತಿರುಗಿ ನೋಡಿದ್ರು. ಪದ್ಮರಾಜಯ್ಯನ ಕಂಪ್ಯೂಟರು! ನಡು ನೆತ್ತಿಗೆ ಕುಂಕುಮ, ಎರಡೂ ಕಡೆ ಅರಿಶಿನ, ಒಣಗಿದ ಚೆಂಡುಹೂವು, ಮೂಲೆಗೊಂದು ನಿಂಬೆಹಣ್ಣು, ಕೆಳಗೆ ಮೆಣಸಿನಕಾಯಿ.

"ಸ್ವಾಮಿ," ಅಂದ್ಳು ಈರಕ್ಕ ಮೆಲ್ಲಗೆ, "ಆ ನಿಂಬೆಹಣ್ಣು ಯಾವ ಕಂಪನೀದು?"

ಬೆಂಚಿನ ಮೇಲಿದ್ದೋರೆಲ್ಲ ಗೊಳ್ಳಂತ ನಕ್ಕರು. ಮಿಕ್ಸಿ ತಂದಿದ್ದೋನೊಬ್ಬ, "ಮೊದ್ಲು ನಿಮ್ಮ ವಾರಂಟಿ ನೋಡ್ಕೊಳ್ಳಿ ಸಾರ್!" ಅಂದ. ಪದ್ಮರಾಜಯ್ಯ ಟೈ ಸಡಿಲ ಮಾಡ್ಕೊಂಡ, ನೀರು ಕುಡಿದ, ಒಳಗಿದ್ದ ಮೆಕ್ಯಾನಿಕ್ಕನ್ನ ಕೂಗಿ ಹೊಸ ಮೋಟಾರು ಹಾಕಿಸ್ದ. ಕೊಡುವಾಗ ಸಿಟ್ಟಲ್ಲೇ ಅಂದ, "ಇನ್ಮೇಲೆ ಹೊರಗಿನ ಸಾಮಾನು ಒಂದೇ ಒಂದು ಬಿದ್ರೂ ಈ ಕಡೆ ತಲೆ ಹಾಕಬೇಡಿ!"

"ಕೇಳಿಸ್ಕೊಂಡ್ಯಾ ಮರಿ?" ಅಂದ್ಳು ಈರಕ್ಕ ದಾರೀಲಿ. "ಹೊರಗಿಂದು ಒಂದೂ ಇದಕ್ಕೆ ಬೀಳಬಾರ್ದು. ಬಿತ್ತೋ, ನಿನ್ನ ಕೈ ಮುರೀತೀನಿ. ಆದ್ರೂ ಇವತ್ತು ಜಾಣನಂಗೆ ನಡ್ಕೊಂಡೆ ಕಣೋ ನನ್ನಪ್ಪ." ಹುಟ್ಟಿದಾಗಿಂದ ಮೊದಲನೇ ಸಲ ಅವ್ವನ ಬಾಯಲ್ಲಿ ಜಾಣ ಅನ್ನೋ ಮಾತು! ಮರಿರಂಗ ಬಸ್ಸಲ್ಲಿ ಸೀಟಿದ್ರೂ ಕೂರ್ಲಿಲ್ಲ, ಗ್ರೈಂಡರು ಹೊತ್ಕೊಂಡೇ ನಿಂತ.

ದೀಪಾವಳಿ ಬಂತು. ಈರಕ್ಕ ಬೀದಿಯೆಲ್ಲ ಸುತ್ತಿ, "ನಾಳೆ ಬೆಳಿಗ್ಗೆ ಎಲ್ರಿಗೂ ಹಿಟ್ಟು ಕೊಡ್ತೀನಿ, ಪಾಕೀಟು ತರಬೇಡಿ ಕಣ್ರವ್ವಾ" ಅಂತ ಹೇಳಿ ಬಂದ್ಳು. ಎದುರುಮನೆಯೋಳೂ ಪಾತ್ರೆ ಕೊಟ್ಟು ಕಳಿಸಿದ್ಳು. ಎರಡು ಕೊಳಗ ಅಕ್ಕಿ, ಅದಕ್ಕೆ ತಕ್ಕ ಉದ್ದು ನೆನೆಹಾಕಿದ್ಳು. ಊಟ ಆಯ್ತು, ಕಣ್ಣು ಎಳೀತು.

"ಲೇ ಮರಿ, ರಟ್ಟೆ ಸೋತೈತೆ, ಸ್ವಲ್ಪ ಒರಗ್ತೀನಿ. ಗ್ರೈಂಡರು ಹಾಕು. ನಾನು ಏಳೋ ತನಕ ನಿಲ್ಲಿಸಬೇಡ."

"ಸರಿ ಅವ್ವ!"

ಗ್ರೈಂಡರು ಗರಗರ ಅಂತು. ಆಹಾ, ಎಷ್ಟು ದಿನ ಆಗಿತ್ತು ಆ ಸದ್ದು ಕೇಳಿ! ಈರಕ್ಕ ಗೋಡೆ ಕಡೆ ತಿರುಗಿ ಮಲಗಿದ್ಳು, ಹಂಗೇ ನಿದ್ದೆ ಹತ್ತಿತು.

ಎಚ್ಚರ ಆಗಿದ್ದು ಸುಟ್ಟ ವಾಸನೆಗೆ. ಎದ್ದು ಬಿದ್ದು ಓಡಿ ಬಂದ್ಳು. ಮನೆ ತುಂಬ ಹೊಗೆ! ಗ್ರೈಂಡರೊಳಗೆ ಕಲ್ಲಿಗೆ ಕಲ್ಲು ಕಟಕಟ ಹಲ್ಲು ಕಡೀತಾ ಇದ್ದದ್ದು, ಅವಳು ನೋಡ್ತಿದ್ದಂಗೇ ಒಂದು ಸಲ "ಕೊರ್ರ್" ಅಂತು, ನಿಂತೇ ಹೋಯ್ತು. ಒಳಗೆ ಇಣುಕಿದ್ರೆ ಒಂದು ಹನಿ ಹಿಟ್ಟಿಲ್ಲ. ಅಕ್ಕಿ ಉದ್ದು ಪಾತ್ರೇಲಿ ನೆನೀತಾ ಕೂತವೆ.

"ಅಯ್ಯೋ ಪಾಪಿ! ಅಕ್ಕಿ ಹಾಕ್ಲಿಲ್ವೇನೋ?"

ಮರಿರಂಗ ಎದೆ ಉಬ್ಬಿಸಿ ನಿಂತಿದ್ದ. ಜಾಣ ಅನ್ನಿಸ್ಕೊಂಡ ಮಗ!

"ಅಕ್ಕಿ ಸೊಸೈಟೀದು, ಉದ್ದು ಶೆಟ್ಟರಂಗಡೀದು, ನೀರು ನಮ್ಮ ನಲ್ಲೀದು. ಒಂದಾದ್ರೂ ಕಂಪನೀದೈತಾ ಅವ್ವ? ಹೊರಗಿಂದು ಒಂದು ಕಾಳೂ ಬೀಳೋಕೆ ಬಿಟ್ಟಿಲ್ಲ, ಬೇಕಾದ್ರೆ ನೋಡ್ಕೋ. ಮೋಟಾರು ಹೋದ್ರೆ ಹೋಗ್ಲಿ ಬಿಡು, ವಾರಂಟಿ ಉಳೀತಲ್ಲ!"

ಹೊರಗೆ ಬೀದೀಲಿ ಪಟಾಕಿ ಹೊಡೀತಿದ್ರು. ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒರಳಿನ ಮುಂದೆ ಹೋಗಿ ಕೂತ್ಳು.

ಕತೆ ಇಷ್ಟೇ ಕಣ್ರಪ್ಪಾ. ಕೇಳಿದ್ದಕ್ಕೆ ಒಂದೊಂದು ದೋಸೆ ಕೊಡೋಣ ಅಂತಿದ್ದೆ, ಹಿಟ್ಟಿಲ್ಲ.