ಚಿಮ್ಮಂಡೆಯ ಬಾಲಕ್ಕೆ ಸೂಜಿ ಬಂದದ್ದು

ಆಗ ಲೋಕ ಇನ್ನೂ ಹೊಸದು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ತಿಳಿದಿರಲಿಲ್ಲ. ಗಾಳಿ ಒಂದೊಂದು ಮರದ ಹೆಸರನ್ನೂ ಕೇಳಿ ಕೇಳಿ ಕಲಿಯುತ್ತಿತ್ತು. ಹುಳುಗಳಿಗೆ ಎದೆಯಿಂದ ಬಾಲದ ತುದಿಯವರೆಗೂ ಕಾಲುಗಳಿದ್ದವು.

ಹುಳುಗಳು ನಡೆಯುತ್ತಲೇ ಮೊಟ್ಟೆ ಉದುರಿಸುತ್ತಿದ್ದವು. ನಿಂತು ನೋಡುವ ಪದ್ಧತಿ ಇರಲಿಲ್ಲ. ಬಿಸಿಲಿಗೆ ಒಂದಷ್ಟು ಒಣಗುತ್ತಿದ್ದವು, ಇರುವೆಗಳ ಪಾಲಿಗೆ ಒಂದಷ್ಟು ಹೋಗುತ್ತಿದ್ದವು, ಉಳಿದರೆ ಮರಿಯಾಗುತ್ತಿದ್ದವು.

ಇರುಳಲ್ಲಿ ಚಿರ್‌ಗುಟ್ಟುವ ಚಿಮ್ಮಂಡೆಗಳ ಕುಲದ ಚಿಮ್ಮಕ್ಕ ಮಾತ್ರ ನಿಂತಳು. ಅವಳ ಮೊಟ್ಟೆಗಳು ನುಚ್ಚಕ್ಕಿಯಂತೆ ಬೆಳ್ಳಗಿದ್ದವು. ಬಾಲದ ಕಡೆಯ ಎರಡು ಜೊತೆ ಕಾಲುಗಳಿಂದ ಅವನ್ನು ಹೊಟ್ಟೆಗೆ ಒತ್ತಿಕೊಂಡಳು.

"ಬಾರೇ, ಆಚೆ ದಿಬ್ಬದಲ್ಲಿ ಹುಲ್ಲು ಚಿಗುರಿದೆಯಂತೆ," ಎಂದು ಮಿಡತೆ ಕರೆದಳು.

"ನೀವು ಹೋಗಿರಿ. ಇವು ಮರಿಯಾಗಲಿ, ಆಮೇಲೆ ಬರ್ತೀನಿ."

"ಅಷ್ಟರಲ್ಲಿ ಹುಲ್ಲು ಮುದಿಯಾಗಿರುತ್ತೆ, ನೀನೂ ಆಗಿರ್ತೀಯ," ಎಂದು ನಗುತ್ತಾ ಮಿಡತೆ ಹಾರಿಹೋದಳು. ಅವಳ ಹಿಂದೆ ಎಲ್ಲರೂ ಹೋದರು. ಅಷ್ಟು ದೊಡ್ಡ ಬಯಲಿನಲ್ಲಿ ಚಿಮ್ಮಕ್ಕ ಒಬ್ಬಳೇ ಉಳಿದಳು.

ಆಗ ಗೊದ್ದಗಳ ಸಾಲು ಬಂತು. ಕರಿಯ, ದಪ್ಪ ಇರುವೆಗಳು. ಚಿಮ್ಮಕ್ಕ ಒಂದನ್ನು ಒದ್ದಳು, ಇನ್ನೊಂದನ್ನು ನೂಕಿದಳು. ಅಷ್ಟರಲ್ಲಿ ಉಳಿದವು ಮೊಟ್ಟೆಗಳನ್ನೆಲ್ಲ ಹೊತ್ತುಕೊಂಡಿದ್ದವು.

"ಇಷ್ಟು ದೊಡ್ಡ ಬಯಲಿನಲ್ಲಿ ಇಲ್ಲೇ ಇವೆ ಅಂತ ನಿಮಗೆ ಹೇಗೆ ತಿಳಿಯಿತು?" ಎಂದು ಕೇಳಿದಳು.

"ನೀವೇ ತೋರಿಸಿದಿರಲ್ಲ ಚಿಮ್ಮಕ್ಕ," ಎಂದಿತು ಮುದಿ ಗೊದ್ದ. "ಕಂಬ ನೆಟ್ಟ ಹಾಗೆ ನಿಂತಿದ್ದಿರಿ. ಊಟಕ್ಕೆ ಕರೀತಿದ್ದೀರಿ ಅಂದುಕೊಂಡ್ವಿ."

ಸಾಲಿಗೆ ಸಾಲೇ ನಕ್ಕಿತು.

ಚಿಮ್ಮಕ್ಕನ ಹೊಟ್ಟೆಯೊಳಗೆ ಇನ್ನೂ ಇಡದ ಕಡೆಯ ಕೆಲವು ಮೊಟ್ಟೆಗಳಷ್ಟೇ ಉಳಿದಿದ್ದವು. ಅವೂ ಹೋದರೆ ಲೋಕದಲ್ಲಿ ಅವಳವರೆಂದು ಯಾರೂ ಇಲ್ಲ. ಚಿಮ್ಮಕ್ಕ ನೆಲಕ್ಕೆ ಮುಖವಿಟ್ಟು ಕೇಳಿದಳು, "ಮಣ್ಣಜ್ಜೀ, ಇವನ್ನು ನಿನ್ನೊಳಗೆ ಇಟ್ಟುಕೊಳ್ತೀಯಾ?"

"ಇಟ್ಟುಕೊಳ್ತೀನಿ ಮಗಳೇ. ಆದರೆ ಒಳಗೆ ತಂದು ಕೊಡಬೇಕು. ಬೇರು ಬರುತ್ತಲ್ಲ, ಹಾಗೆ ಸಪೂರವಾಗಿ ಬರಬೇಕು."

"ನನ್ನ ಹತ್ತಿರ ಕಾಲು ಬಿಟ್ಟರೆ ಬೇರೇನಿದೆ?"

"ಅವೇ ಸಾಕು. ಕಡೆಯ ಎರಡು ಜೊತೆ ಕೊಡು."

ಚಿಮ್ಮಕ್ಕ ಬಾಲದ ಕಡೆ ತಿರುಗಿ ನೋಡಿದಳು. "ಅವುಗಳಿಂದಲೇ ಅಲ್ವಾ ನಾನು ಮೊಟ್ಟೆಗಳನ್ನು ತಬ್ಬಿಕೊಳ್ಳೋದು?"

"ಹೌದು," ಎಂದಳು ಮಣ್ಣಜ್ಜಿ.

ಚಿಮ್ಮಕ್ಕ ಆ ಕಾಲುಗಳನ್ನು ಹಿಂದಕ್ಕೆ ಚಾಚಿ, ಒಂದಕ್ಕೊಂದು ಸೇರಿಸಿ, ಮಣ್ಣಿಗೆ ಒತ್ತಿದಳು. ಮಣ್ಣು ಉಜ್ಜಿತು. ಮಂಡಿಗಳು ಸವೆದವು, ಪಾದಗಳು ಸವೆದವು. ಕಾಲುಗಳು ನೀಳವಾಗಿ ಕೂಡಿಕೊಂಡು ಸೂಜಿಯಾದವು, ನಡುವೆ ಸಣ್ಣ ದಾರಿ ಉಳಿಯಿತು. ಸೂಜಿಯ ಒಂದು ಪಕ್ಕ ಇನ್ನೊಂದರ ಮೇಲೆ ಜಾರುತ್ತಾ ಮೆಲ್ಲ ಮೆಲ್ಲನೆ ಒಳಗಿಳಿಯಿತು. ಆ ದಾರಿಯಲ್ಲಿ ಮೊಟ್ಟೆಗಳೂ ಇಳಿದವು.

"ಚೆನ್ನಾಗಿವೆಯಾ ಅಜ್ಜಿ?"

"ಚೆನ್ನಾಗಿವೆ. ನೀನಿನ್ನು ಹೊರಡು."

"ಸ್ವಲ್ಪ ಹೊತ್ತು ಕೂತಿರ್ತೀನಿ. ಸದ್ದು ಮಾಡಲ್ಲ."

"ನೀನು ಕೂತರೆ ಗೊದ್ದ ಬರುತ್ತೆ ಮಗಳೇ."

ಚಿಮ್ಮಕ್ಕ ಸೂಜಿಯನ್ನು ಎಳೆದುಕೊಂಡಳು. ಮೇಲಿನ ಮಣ್ಣನ್ನು ಸವರಿ ಸಮ ಮಾಡಿದಳು. ಹೊರಟ ದಾರಿಯಲ್ಲಿ ಗಾಳಿ ಸಿಕ್ಕಿ, "ಎಲ್ಲಿಟ್ಟೆ?" ಎಂದು ಕೇಳಿತು. ಗಾಳಿಯ ಬಾಯಿ ಸಡಿಲ. ಚಿಮ್ಮಕ್ಕ ಅದಕ್ಕೂ ಹೇಳಲಿಲ್ಲ.

ಮಳೆ ಬಂದು ಮರಿಗಳು ಮಣ್ಣಿನಿಂದ ಮೇಲೆದ್ದಾಗ ಅವಳು ಇರಲಿಲ್ಲ. ಹೆಣ್ಣುಮರಿಗಳು ಬೆಳೆದಂತೆ ಅವಕ್ಕೂ ಸೂಜಿ ಬೆಳೆಯಿತು. ಸೂಜಿಯ ಸುದ್ದಿ ಬೇರೆ ಹುಳುಗಳ ತಾಯಂದಿರಿಗೂ ಮುಟ್ಟಿತು, ಅವರೂ ಕಡೆಯ ಕಾಲುಗಳನ್ನು ಸೂಜಿ ಮಾಡಿಕೊಂಡರು. ಮೊಟ್ಟೆ ಇಡಲು ಒಬ್ಬಳು ಅದರಿಂದ ಎಳೆಯ ರೆಂಬೆ ಸೀಳಿದಳು, ಒಬ್ಬಳು ಮರ ಕೊರೆದಳು. ಕಣಜ ಮತ್ತು ಜೇನು ಅದಕ್ಕೆ ವಿಷ ತುಂಬಿಕೊಂಡು ಮುಳ್ಳು ಮಾಡಿಕೊಂಡವು. ಅದಕ್ಕೇ ಅವುಗಳಲ್ಲಿ ಹೆಣ್ಣು ಮಾತ್ರ ಚುಚ್ಚುತ್ತದೆ.

ಮಗೂ, ಇವತ್ತಿಗೂ ಹಿತ್ತಲಿನ ಒದ್ದೆ ಮಣ್ಣಿಗೆ ಬಾಲದ ಸೂಜಿ ಊರಿದ ಚಿಮ್ಮಂಡೆಯನ್ನು ನೀನು ಕಂಡರೆ, ಅದು ತಾಯಿ ಎಂದು ತಿಳಿ; ಸೂಜಿ ಮೇಲೆ ಬಂದದ್ದೇ ತಡ, ಅದು ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ದೂರ ಹೋಗಿಬಿಡುತ್ತದೆ.