ಕೆಸರಿಗಿಳಿದ ಕವಚ

ಫ್ರಾನ್ಸಿನ ಸರದಾರನೊಬ್ಬನ ಉಕ್ಕಿನ ಕವಚ ಇಂಗ್ಲಿಷರ ಬಾಣಗಳನ್ನೆಲ್ಲ ತಡೆದೂ, ಮಳೆಯಲ್ಲಿ ನೆನೆದ ಉತ್ತ ಹೊಲದಲ್ಲಿ ಒಡೆಯನ ಸಮೇತ ಮೊಣಕಾಲುದ್ದ ಹೂತುಹೋಯಿತು. ಅದಕ್ಕೆ ತಲೆಬುಡ ಅರ್ಥವಾಗಲಿಲ್ಲ.

"ಬಾಣವೇ, ನನ್ನನ್ನು ತೂತು ಮಾಡಲು ನಿನ್ನಿಂದಾಗಲಿಲ್ಲ. ಆದರೂ ನಮಗೇಕೆ ಸೋಲು?"

"ಕಣ್ಣಿನ ಕಿಂಡಿಯೊಳಗೆ ನುಗ್ಗಿಯೇನೆಂದು ನನಗಂಜಿ ನಿನ್ನ ಒಡೆಯ ತಲೆ ತಗ್ಗಿಸಿದ, ದಾರಿ ಕಾಣದೆ ಈ ಕೆಸರಿಗಿಳಿದ. ನನ್ನ ಕೆಲಸ ಅಷ್ಟೇ," ಎಂದಿತು ಬಾಣ.

"ಹಾಗಾದರೆ ಕೆಸರೇ, ನೀನು ಇಂಗ್ಲಿಷರ ಕಡೆಯೋ?"

"ನನಗೆ ಯಾವ ಕಡೆಯೂ ಇಲ್ಲ. ಗೋಧಿ ಬಿತ್ತಿದ ರೈತನನ್ನೂ ಹಿಡಿದಿದ್ದೆ. ಅವನು ಮೆಟ್ಟು ಕಳಚಿ ನಡೆದುಹೋದ. ಅಗೋ, ಇಂಗ್ಲಿಷರ ಬಿಲ್ಲುಗಾರರೂ ಬರಿಗಾಲಲ್ಲೇ ನಿನ್ನತ್ತ ಬರುತ್ತಿದ್ದಾರೆ."

"ನಾನೂ ಕಳಚಿಕೊಳ್ಳುತ್ತೇನೆ!" ಎಂದು ಕವಚ ಕೂಗಿತು. ಆದರೆ ಅದರ ಪಟ್ಟಿಗಳೆಲ್ಲ ಬೆನ್ನ ಕಡೆಗಿದ್ದವು. ಬಿಚ್ಚಲು ಆಳು ಬೇಕು. ಆಳುಗಳನ್ನೋ, ಮೊದಲ ಸಾಲು ಸರದಾರರಿಗೆ ಮಾತ್ರವೆಂದು ಒಡೆಯನೇ ಬೆಳಿಗ್ಗೆ ಹಿಂದಕ್ಕೆ ಅಟ್ಟಿದ್ದ.